ಹುಲಿಗೆವ್ವನ ಮಾಳಿಗೆ

ಹಳ್ಳದ ದಂಡೆಯ ಹಾಳು ಮನೆ,
ಬಿಜ್ಜರಗಿ
19 ಜನವರಿ 2025

ಅಪ್ಪನಿಗೆ, ಜೈ ಭೀಮ್.

ಫೋನಿನಲ್ಲಿ ಈ ಮನೆಯ ಸುದ್ದಿ ಎತ್ತಬೇಡ ಎಂದು ನೀನು ಹೇಳಿದ್ದೀ. ಪತ್ರ ಬರೆಯಬೇಡ ಎಂದು ಹೇಳಿಲ್ಲ. ಜೀವಮಾನವೆಲ್ಲ ಊರವರ ಟಪಾಲು ವಿಂಗಡಿಸಿದವನು ಸ್ವಂತ ಮಗಳ ಟಪಾಲನ್ನು ಒಡೆಯದೆ ಇಡಲಾರ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ಧನ್ಯವಾದ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತೂ ಆಡದೆ ನನ್ನ ಚೀಲದಲ್ಲಿ ತುರುಕಿದ ಬ್ಯಾಟರಿಗೆ. ನಿನ್ನ ಅವ್ವ, ನನ್ನ ಆಯಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿಗೆ. ಬೇಡ ಬೇಡ ಎನ್ನುತ್ತಲೇ ನನ್ನನ್ನು ಇಲ್ಲಿಗೆ ಬರಲು ಬಿಟ್ಟದ್ದಕ್ಕೆ.

ನಾನು ಕಂಡದ್ದನ್ನು ಹೇಳುತ್ತೇನೆ. ಬಾಬು ಮುತ್ಯಾನ ನಾಲ್ಕು ಎಕರೆ ಹೊಲದ ಮೂಲೆಯಲ್ಲಿ, ಹಳ್ಳಕ್ಕೆ ಬೆನ್ನು ಹಾಕಿ ಈ ಮನೆ ಕೂತಿದೆ. ಮಣ್ಣಿನ ಮಾಳಿಗೆ ಪೂರ್ತಿ ಕುಸಿದು ಮನೆಗೆ ಚಾವಣಿಯೇ ಇಲ್ಲ. ಆದರೆ ಕರಿಕಲ್ಲಿನ ಗೋಡೆಗಳು ನಿಂತಿವೆ. ನಾನು ಕೈ ಚಾಚಿದರೂ ಗೋಡೆಯ ದಪ್ಪ ಮುಗಿಯುವುದಿಲ್ಲ. ಮೂರು ಅಂಕಣ. ಬಾಗಿಲಿನ ಜಾಗದಲ್ಲಿ ಚೌಕಟ್ಟು ಮಾತ್ರ. ಒಳಗೆ ಜಾಲಿ ಬೆಳೆದು ಗೋಡೆಗಿಂತ ಎತ್ತರವಾಗಿದೆ. ಮೊದಲ ದಿನ ನನ್ನನ್ನು ಎದುರುಗೊಂಡದ್ದು ಊರಿನ ಆಡು ಕಾಯುವ ಸತ್ಯವ್ವನ ಆಡುಗಳು. ಅವಳು ಬಿಸಿಲಿಗೆ ತನ್ನ ಹಿಂಡನ್ನು ಇಲ್ಲಿ ತರುಬುತ್ತಾಳೆ.

"ಯವ್ವಾ, ಇಲ್ಲಿ ನೀ ಇರತೀನಿ ಅಂದ್ರ ನನ್ನ ಆಡು ಎಲ್ಲಿ ಇರಬೇಕ?" ಎಂದು ಜಗಳಕ್ಕೆ ಬಂದಳು. ಮೂಡಣ ಅಂಕಣಕ್ಕೆ ಮಾಳಿಗೆ ಹಾಕದೆ ಅಂಗಳವಾಗಿ ಬಿಡುತ್ತೇನೆ, ಅಲ್ಲಿನ ಒಂದು ಜಾಲಿ ಮರ ಕಡಿಯುವುದಿಲ್ಲ, ನೆರಳು ನಿನ್ನದು ಎಂದೆ. "ಹಂಗಾರ ಕಟ್ಟು, ಅಡ್ಡಿಯಿಲ್ಲ" ಎಂದು ಅಪ್ಪಣೆ ಕೊಟ್ಟಳು. ಈಗ ದಿನಾ ಒಂದು ಲೋಟ ಹಾಲು ತರುತ್ತಾಳೆ.

ಅಪ್ಪ, ಈ ಮನೆಗೆ ನಾನು ಸಿಮೆಂಟು ಮುಟ್ಟಿಸುವುದಿಲ್ಲ. ಈ ನೆಲದ ಕಲ್ಲು, ಈ ನೆಲದ ಮಣ್ಣು, ಈ ಹಳ್ಳದ ಜಾಲಿ. ದೂರದ ಕಾರ್ಖಾನೆಯ ಬೂದಿಯನ್ನು ಚೀಲದಲ್ಲಿ ಹೊತ್ತು ತಂದು ಬಿಸಿಲನ್ನು ಮನೆಯೊಳಗೆ ಹಿಡಿದಿಡುವುದು ಅಭಿವೃದ್ಧಿಯಲ್ಲ, ಗುಲಾಮಗಿರಿ. ನಗಬೇಡ, ನಾನು ನಂಬಿಯೇ ಬರೆಯುತ್ತಿದ್ದೇನೆ.

ಇಲ್ಲಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿದೆ. ಶಾಲೆ ಬಿಟ್ಟ ಮೇಲೆ ಗೋಡೆಯ ಕೆಲಸ. ಮೇ ಕೊನೆಗೆ ನಿನ್ನ ನಿವೃತ್ತಿ. ಮಳೆಗೆ ಮೊದಲು ಮಾಳಿಗೆ ಮುಚ್ಚಿ, ನಿನ್ನನ್ನೂ ಆಯಿಯನ್ನೂ ಇಲ್ಲಿಗೆ ಕರೆತರಬೇಕು. ನೀವು ಬಂದು ಇರದಿದ್ದರೆ ನಾನು ಕಟ್ಟಿದ್ದು ಮನೆಯಲ್ಲ, ಬರೀ ಭಾಷಣ.

ನಿನ್ನ,
ಆಮ್ರಪಾಲಿ

*

ಸೊಲ್ಲಾಪುರ ರಸ್ತೆಯ ಹಿಂದಿನ ಓಣಿ,
ವಿಜಯಪುರ
28 ಜನವರಿ 2025

ಮಗಳು ಆಮ್ರಪಾಲಿಗೆ, ಜೈ ಭೀಮ್.

ಪತ್ರ ತಲುಪಿತು. "ಹಳ್ಳದ ದಂಡೆಯ ಹಾಳು ಮನೆ" ಎಂಬುದು ವಿಳಾಸವಲ್ಲ. ತಾಲೂಕಿಲ್ಲ, ಮನೆಯ ಹೆಸರಿಲ್ಲ. ಇಂಥ ವಿಳಾಸದ ಟಪಾಲು ಕೈಗೆ ಬಂದರೆ ನಾನು ಬದಿಗಿಡುತ್ತೇನೆ. ಟಪಾಲು ಕಚೇರಿಯವನ ಮಗಳಿಗೆ ಇದು ಶೋಭಿಸುವುದಿಲ್ಲ.

ನೀನು ಬಾಬಾಸಾಹೇಬರ ಜಯಂತಿಯ ಪುಸ್ತಕ ಮಳಿಗೆಗಳಲ್ಲಿ ಕೊಂಡು ಗುಡ್ಡೆ ಹಾಕಿದ ಹೊತ್ತಿಗೆಗಳನ್ನು ನಾನೂ ತಿರುವಿ ಹಾಕಿದ್ದೇನೆ. ಎಲ್ಲ ಹದಿನಾರು ಪುಟ. ಮಣ್ಣಿನ ಮನೆಯ ಮೇಲಿನದ್ದೂ ಹದಿನಾರೇ ಪುಟ. ಹದಿನೇಳನೆಯ ಪುಟದಲ್ಲಿ ಏನಾಗುತ್ತದೆ ಎಂದು ಯಾರೂ ಬರೆದಿಲ್ಲ. ಅದನ್ನು ನಮ್ಮಂಥವರು ಬದುಕಬೇಕು.

ಇಲ್ಲಿಯ ನಮ್ಮ ಮನೆಗೆ ಸ್ಲ್ಯಾಬ್ ಹಾಕಿದ ದಿನ ನಿನ್ನ ಅವ್ವ ಇನ್ನೂ ಇದ್ದಳು. ನೀನು ಅವಳ ಕಂಕುಳಲ್ಲಿದ್ದೆ. ಓಣಿಯವರೆಲ್ಲ ಬಂದು ಕೈ ಹಚ್ಚಿದರು. ಅಂದು ನಾನು ಆ ಹಸಿ ಸಿಮೆಂಟಿನ ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ಇನ್ನು ಮುಂದೆ ನನ್ನ ತಲೆಯ ಮೇಲೆ ಮಣ್ಣಿಲ್ಲ ಎಂದುಕೊಂಡೆ. ನಿನಗೆ ಅದು ಗುಲಾಮಗಿರಿಯಾಗಿ ಕಾಣುತ್ತದೆ. ಇರಲಿ.

ಅಲ್ಲಿ ಮನೆ ಬೇಕೇ ಬೇಕೆಂದರೆ ಸ್ಲ್ಯಾಬ್ ಹಾಕಿಸು, ನಾನು ನೋಡಿಕೊಳ್ಳುತ್ತೇನೆ. ಮಣ್ಣಿನ ಮಾಳಿಗೆಯ ಕೆಳಗೆ ನಾನು ಬರುವುದಿಲ್ಲ. ಅದರಲ್ಲೂ ಆ ಮಾಳಿಗೆಯ ಕೆಳಗೆ.

ಆಯಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದಾಳೆ. ತಿಕೋಟಾ ಬಸ್ಸಿನ ಕಂಡಕ್ಟರನಿಗೆ ಕೊಟ್ಟಿದ್ದೇನೆ. ಹಸಿ ಗೋಡೆಯ ಪಕ್ಕ ಮಲಗಬೇಡ.

ಇತಿ,
ರಾಜಾರಾಮ

*

ಹುಣಸಿಹಳ್ಳದ ದಂಡೆ, ಹೆಸರಿಡದ ಮನೆ,
ಬಿಜ್ಜರಗಿ, ತಿಕೋಟಾ ತಾಲೂಕು
2 ಮಾರ್ಚ್ 2025

ಅಪ್ಪನಿಗೆ, ಜೈ ಭೀಮ್.

ವಿಳಾಸ ಸುಧಾರಿಸಿದೆ, ನೋಡು. ಹಿಂಡಿಗೆ ಧನ್ಯವಾದ. ಕಂಡಕ್ಟರ್ ಅರ್ಧ ತಾನೇ ಮುಗಿಸಿದ್ದ. "ಭಾಳ ಚಲೋ ಆಗಿತ್ತ್ರಿ ಅಕ್ಕಾರ, ನಿಮ್ಮ ಆಯಿಗೆ ಹೇಳ್ರಿ" ಎಂದ. ಹೇಳಿದ್ದೇನೆ.

ತಿಕೋಟಾದ ಗೌಂಡಿ ಗುಡುಸಾಬ ಕೆಲಸಕ್ಕೆ ಬರುತ್ತಿದ್ದಾನೆ. ಜಾಲಿಯ ಬೇರು ಕಿತ್ತು, ಸಡಿಲಾದ ಕಲ್ಲುಗಳನ್ನು ಮಣ್ಣಿನ ಗಿಲಾವಿನಲ್ಲಿ ಮತ್ತೆ ಕೂರಿಸಿದ್ದೇವೆ. ನಾನು ಕೆಸರು ತುಳಿಯುತ್ತ ಪುಸ್ತಕ ಓದುವುದನ್ನು ನೋಡಿ, "ಅಕ್ಕಾರ, ಕಾಲ ಒಂದ ಕಡೆ, ಕಣ್ಣ ಒಂದ ಕಡೆ. ನನ್ನ ಗ್ವಾಡಿ ಯಾವ ಕಡೆ ಹೋಗಬೇಕ್ರಿ?" ಎನ್ನುತ್ತಾನೆ. ಪಡುವಣ ಗೋಡೆಗೆ ಒಂದೂ ಕಿಟಕಿಯಿಲ್ಲ. ಪುಸ್ತಕದ ಚಿತ್ರ ನೋಡಿ ಅಲ್ಲಿ ದೊಡ್ಡದೊಂದು ಕಿಟಕಿ ಒಡೆಯಬೇಕೆಂದಿದ್ದೆ. ಒಂದು ಮಧ್ಯಾಹ್ನ ಆ ಗೋಡೆಯ ಹೊರಗೆ ನಿಂತು ಬಾಯಿ ತುಂಬ ಎರೆಹೊಲದ ಧೂಳು ತಿಂದ ಮೇಲೆ ಆ ಪುಟಕ್ಕೆ ಅಡ್ಡಗೆರೆ ಎಳೆದೆ. ಗೋಡೆಯ ಒಳಗೆ ಬಂದರೆ ಬಾವಿಯಲ್ಲಿ ಇಳಿದಷ್ಟು ತಂಪು.

ಇನ್ನು ಮಾಳಿಗೆ. ಜಾಲಿಯ ತೊಲೆ, ಅದರ ಮೇಲೆ ಜಂತಿ, ಮೇಲೆ ಸೀಳು ಕಟ್ಟಿಗೆ, ಬೇವಿನ ಸೊಪ್ಪು, ಕೊನೆಗೆ ಹಾಳಮಣ್ಣು. ಎರೆಮಣ್ಣು ಬಿರಿಯುತ್ತದೆ, ಆಗುವುದಿಲ್ಲ. ಬಿದ್ದ ಹಳೆಯ ಮನೆಗಳ ಮಣ್ಣೇ ಬೇಕು. ತಲೆಮಾರುಗಳ ಒಲೆಯ ಬೂದಿ ಬೆರೆತು ಅದು ಮಳೆ ಕುಡಿಯದ ಹಾಗೆ ಆಗಿರುತ್ತದೆ. ಪ್ರತಿ ಬೇಸಿಗೆ ಒಂದು ಪದರ ಹೊಸದಾಗಿ ಹಾಕಬೇಕು. ಒಂದು ಮನೆ ಬಿದ್ದು ಇನ್ನೊಂದು ಮನೆಯನ್ನು ಕಾಯುತ್ತದೆ! ಎಂಥ ಜ್ಞಾನ ಅಪ್ಪ ಇದು! ಇದು ನಮ್ಮ ಪೂರ್ವಜರ ಆಸ್ತಿ. ಈ ಮಣ್ಣಿನ ಮಾಳಿಗೆಗಳ ಕೆಳಗೆ ಎಷ್ಟು ತಲೆಮಾರು ತಂಪಾಗಿ ಮಲಗಿ ಎದ್ದರು! ಅದನ್ನು ಕಸಿದುಕೊಂಡು ನಮ್ಮ ಕೈಗೆ ಸಿಮೆಂಟಿನ ಚೀಲ ಕೊಟ್ಟರು.

ಹೊರಗೋಡೆಗೆ ಕಲ್ಲು ಚಾಚಿಸಿ ಮಾಡಿದ ಮೆಟ್ಟಿಲುಗಳಿವೆ. ಮನೆಯೊಳಗೆ ಕಾಲಿಡದೆ ನೇರ ಮಾಳಿಗೆಗೆ ಏರಬಹುದು. ಎಷ್ಟು ಚಂದ ಯೋಚಿಸಿದ್ದಾರೆ! ಸಂಜೆ ನಾನು ಅದರ ಮೇಲಿನ ಮೆಟ್ಟಿಲಲ್ಲಿ ಕೂತು ಹೊಲ ನೋಡುತ್ತೇನೆ.

ಒಂದು ಪ್ರಶ್ನೆ. ಮಾಳಿಗೆಯಲ್ಲಿ ಬೆಳಕಿಂಡಿ ಇದ್ದೇ ಇರುತ್ತದೆ ಎನ್ನುತ್ತಾನೆ ಗುಡುಸಾಬ. ಅದು ಎಲ್ಲಿತ್ತು ಎಂದು ಊರಲ್ಲಿ ಯಾರಿಗೂ ನೆನಪಿಲ್ಲ. ಇದ್ದ ಜಾಗದಲ್ಲೇ ಬಿಡಬೇಕೆಂದು ನನಗೆ ಆಸೆ. ಆಯಿಗೆ ಗೊತ್ತಿರಬಹುದೇ?

ನಿನ್ನ,
ಆಮ್ರಪಾಲಿ

*

ವಿಜಯಪುರ
13 ಮಾರ್ಚ್ 2025

ಆಮ್ರಪಾಲಿಗೆ,

ಪ್ರಶ್ನೆಗೆ ಮೊದಲು ಉತ್ತರ. ಬೆಳಕಿಂಡಿ ನಡುವಿನ ಅಂಕಣದಲ್ಲಿತ್ತು. ಗೋಡೆಯಲ್ಲಿ ಗೂಡಿನಂತೆ ಬಿಟ್ಟ ಒಂದು ದೊಡ್ಡ ಮಾಡ ಇದೆಯಲ್ಲ, ಅದರ ಎದುರಿಗೆ. ಮಧ್ಯಾಹ್ನದ ಹೊತ್ತು ಬಿಸಿಲು ನೇರ ಆ ಮಾಡಕ್ಕೆ ಬೀಳುತ್ತಿತ್ತು. ಅಲ್ಲಿ ಒಂದು ತಾಮ್ರದ ತಂಬಿಗೆ ಇರುತ್ತಿತ್ತು. ಬಿಸಿಲು ಬಿದ್ದಾಗ ಅದು ದೀಪ ಹಚ್ಚಿದಂತೆ ಹೊಳೆಯುತ್ತಿತ್ತು. ಕೆಳಗೆ ಒಂದು ತೊಟ್ಟಿಲು ತೂಗುಬಿಟ್ಟಿದ್ದರು. ನೆಲಕ್ಕೆ ಸಾರಿಸಿ ರಂಗೋಲಿ ಹಾಕಿರುತ್ತಿದ್ದರು.

ಇದನ್ನೆಲ್ಲ ನಾನು ಒಳಗೆ ಹೋಗಿ ನೋಡಿಲ್ಲ. ಮೇಲಿನಿಂದ ನೋಡಿದ್ದೇನೆ.

ಆಗ ಅದು ಗೌಡರ ತೋಟದ ಮನೆ. ನನ್ನ ಅಪ್ಪ, ನಿನ್ನ ಬಾಬು ಮುತ್ಯಾ, ಅವರ ಹೊಲವನ್ನು ಉಳುತ್ತಿದ್ದ. ಪ್ರತಿ ಬೇಸಿಗೆ ಆ ಮಾಳಿಗೆಗೆ ಹಾಳಮಣ್ಣು ಹೊರುವವಳು ನಿನ್ನ ಆಯಿ. ಶಾಲೆಗೆ ಸೂಟಿ ಇದ್ದಾಗ ನಾನೂ ಸಣ್ಣ ಬುಟ್ಟಿ ಹೊರುತ್ತಿದ್ದೆ. ನೀನು ಚಂದ ಎಂದ ಆ ಮೆಟ್ಟಿಲು ನಮಗಾಗಿಯೇ ಮಾಡಿಸಿದ್ದು, ನಾವು ಒಳಗೆ ಬಾರದಿರಲಿ ಎಂದು. ಅವರ ಮಾಳಿಗೆಯ ಮೇಲೆ ನಾವು ನಡೆದಾಡಬಹುದಿತ್ತು, ಕುಣಿದು ಮಣ್ಣು ತುಳಿಯಬಹುದಿತ್ತು. ಅದೇ ಮಾಳಿಗೆಯ ಕೆಳಗೆ ಬರುವಂತಿರಲಿಲ್ಲ. ನಾನು ಬೆಳಕಿಂಡಿಯ ಅಂಚಿಗೆ ಬೋರಲು ಮಲಗಿ ಒಳಗೆ ನೋಡುತ್ತಿದ್ದೆ. ಒಮ್ಮೆ ಕೆಳಗಿನಿಂದ ಯಾರೋ ತಲೆ ಎತ್ತಿದರು. "ಬೆಳಕಿಗೆ ಅಡ್ಡ ಬರಬ್ಯಾಡಲೇ" ಎಂದರು. ಅಷ್ಟೇ. ಬೈಗುಳವೇನಲ್ಲ. ಆದರೂ ನೆನಪಿದೆ.

"ನಮ್ಮ ಪೂರ್ವಜರು" ಎಂದು ಬರೆದಿದ್ದೀ. ಮಗಳೇ, ನಮಗೆ ಮಾಳಿಗೆ ಇರಲಿಲ್ಲ. ಕೇರಿಯಲ್ಲಿ ನಮ್ಮದು ಮೋಟು ಮಣ್ಣಿನ ಗೋಡೆಯ ಮೇಲೆ ಜೋಳದ ಕಣಿಕೆ ಹೊದಿಸಿದ ಗುಡಿಸಲು. ತಂಪಾಗಿ ಮಲಗಿ ಎದ್ದವರು ಬೇರೆಯವರು.

ಉಳುವವನಿಗೆ ಭೂಮಿ ಎಂಬ ಕಾನೂನು ಬಂದು ಹೊಲ ಮುತ್ಯಾನ ಹೆಸರಿಗಾಯಿತು, ಮನೆ ಸಹಿತ. ಗೌಡರು ಬೀಗ ತೆಗೆದುಕೊಂಡು ಹೋದರು. ಬೀಗವಿಲ್ಲದ ಆ ಬಾಗಿಲನ್ನೂ ನಿನ್ನ ಮುತ್ಯಾ ದಾಟಲಿಲ್ಲ. ಹೊಲದಲ್ಲಿ ಮಲಗಬೇಕಾದರೆ ಬೇವಿನ ಕೆಳಗೆ ಮಲಗುತ್ತಿದ್ದ. ಮತ್ತು ಮಾಳಿಗೆಗೆ ಮಣ್ಣು ಹಾಕುವುದನ್ನು ನಿಲ್ಲಿಸಿದ. ಕೆಲವು ಮಳೆಗಾಲ ಕಳೆದವು. ಒಂದು ದಿನ ಕುಸಿಯಿತು. ಅವನು ಯಾರ ಎದುರೂ ದನಿ ಎತ್ತಿದವನಲ್ಲ. ಅವನು ಮಾಡಿದ ಪ್ರತಿಭಟನೆ ಅದೊಂದೇ.

ನೀನು ರಿಪೇರಿ ಮಾಡುತ್ತಿರುವುದು ಹಾಳು ಮನೆಯಲ್ಲ. ಅವನು ಮಾಡಿದ ಕೆಲಸವನ್ನು ನೀನು ಅಳಿಸುತ್ತಿದ್ದೀ. ಗೊತ್ತಿಲ್ಲದೆ ಮಾಡುತ್ತಿದ್ದೀ, ಅದಕ್ಕೇ ಬರೆದೆ.

ಇದನ್ನು ಆಯಿಗೆ ಓದಿ ಹೇಳಿಲ್ಲ.

ರಾಜಾರಾಮ

*

ಬಿಜ್ಜರಗಿ
21 ಏಪ್ರಿಲ್ 2025

ಅಪ್ಪನಿಗೆ, ಜೈ ಭೀಮ್.

ಬರೆದು ಬರೆದು ಹರಿದೆ. ಜಯಂತಿಗೆ ವಿಜಯಪುರಕ್ಕೆ ಬರಬೇಕೆಂದು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹಿಂದಿರುಗಿದೆ. ನಿನ್ನ ಮುಖ ನೋಡುವ ಧೈರ್ಯವಾಗಲಿಲ್ಲ.

ನಿನ್ನ ಪತ್ರ ಬಂದ ದಿನ ಕೆಲಸ ನಿಲ್ಲಿಸಿದೆ. ತೊಲೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದೇವೆ. ಆ ಮೆಟ್ಟಿಲ ಮೇಲೆ ಈಗ ಕೂರುವುದಿಲ್ಲ. ಒಡೆದು ಹಾಕಲು ಗುಡುಸಾಬನಿಗೆ ಹೇಳಿ, ಅವನು ಹಾರೆ ಎತ್ತಿದ ಮೇಲೆ ಬೇಡ ಎಂದೆ. ಅದು ನನ್ನ ಕೆಲಸವಲ್ಲ, ನಿನ್ನದು.

ನೀನು ಇದನ್ನು ಹೇಳಿದ್ದಕ್ಕೆ ಧನ್ಯವಾದ. ಇದು ಬಾಯಿಮಾತಲ್ಲ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ನನಗೆ ಟಪಾಲಿನಲ್ಲಿ ಕಳಿಸಿದೆ. ಹದಿನಾರು ಪುಟಗಳಲ್ಲಿ ಎಲ್ಲಿಯೂ ಇರದ ಮಾತು ನಿನ್ನ ಒಂದೇ ಹಾಳೆಯಲ್ಲಿತ್ತು.

ಇನ್ನೊಂದು ನಡೆಯಿತು, ಕೇಳು. ಕೆಲಸ ಏಕೆ ನಿಂತಿತೆಂದು ಊರಿಗೆ ಗೊತ್ತಿರಲಿಲ್ಲ. ಹಾಳಮಣ್ಣು ಸಿಗಲಿಲ್ಲ ಎಂದು ಸುಮ್ಮನಿದ್ದೇನೆ ಎಂದುಕೊಂಡರು. ಅಗಸಿ ಕಟ್ಟೆಯ ಮೇಲಿದ್ದ ಗುರುಪಾದಯ್ಯ ಅಜ್ಜ ಕರೆದು, "ತಂಗಿ, ಗೌಡರ ವಾಡೇನೂ ಬಿದ್ದೈತಿ. ಅವರು ಪುಣೇದಾಗ ಅದಾರ, ಮಣ್ಣ ಯಾರರ ಒಯ್ಯಲಿ ಅಂದಾರ. ಚಲೋ ಹಾಳಮಣ್ಣ ಐತಿ, ತಗೋ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನಾನು ಕೇಳಿದೆ: "ಅಜ್ಜಾರ, ನಮ್ಮ ಕೇರ್ಯಾಗೂ ಮನಿ ಬಿದ್ದಾವು. ಅಲ್ಲಿ ಮಣ್ಣ ಆಗೂದಿಲ್ಲೇನ್ರಿ?"

ಅಜ್ಜ ರುಮಾಲು ಸರಿ ಮಾಡಿಕೊಂಡರು. "ಅದನ್ನ ಯಾರೂ ಮಾಳಗಿಗೆ ಹಾಕಿಲ್ಲವಾ ತಂಗಿ."

"ಯಾಕ್ರಿ? ಸೋರತೈತೇನ್ರಿ?"

"ಸೋರೂದಲ್ಲ... ಹಾಕಿಲ್ಲ, ಅಷ್ಟ."

ಆಡು ಹೊಡೆದುಕೊಂಡು ಹೊರಟಿದ್ದ ಸತ್ಯವ್ವ ನಿಂತು, "ಅವರ ಒಲಿ ಬೂದಿ ಬ್ಯಾರೆ ಬಣ್ಣದ್ದೇನ್ರಿ ಅಜ್ಜಾರ? ನನ್ನ ಆಡಿಗೆ ಕೇಳಿ ನೋಡ್ರಿ, ಎಲ್ಲಾ ಕಡೆ ಮಲಗಿ ಬಂದಾವು" ಎಂದಳು. ಎಲ್ಲರೂ ನಕ್ಕರು. ಗುರುಪಾದಯ್ಯ ಅಜ್ಜ ಮಾತ್ರ ನಗಲಿಲ್ಲ. ನಾನು ಭಾಷಣ ಶುರು ಮಾಡಬಹುದಿತ್ತು. ಬಾಯಿಗೆ ಬಂದಿತ್ತು. ಆದರೆ ಅಪ್ಪ, ನನ್ನ ಕಣ್ಣಿಗೆ ಬುಟ್ಟಿ ಹೊತ್ತ ಆಯಿ ಕಂಡಳು. ಸುಮ್ಮನೆ ಬಂದೆ.

ನೀನು ಹೇಳಿದರೆ ಸ್ಲ್ಯಾಬ್ ಹಾಕಿಸುತ್ತೇನೆ. ಸಿಮೆಂಟಿನ ವಿರುದ್ಧ ನಾನು ಬರೆದದ್ದನ್ನೆಲ್ಲ ನುಂಗಿಕೊಂಡು ಹಾಕಿಸುತ್ತೇನೆ. ಮುತ್ಯಾ ಬೀಳಿಸಿದ್ದನ್ನು ಏಳಿಸಲೇಬಾರದು ಎಂದರೆ ಹೀಗೇ ಬಿಟ್ಟು ಮನೆಗೆ ಬರುತ್ತೇನೆ. ಆದರೆ ಒಂದು ಕೇಳಿಕೊಳ್ಳುತ್ತೇನೆ. ಈ ಪತ್ರವನ್ನೂ ನಿನ್ನ ಪತ್ರದ ಮಾತನ್ನೂ ಆಯಿಗೆ ಓದಿ ಹೇಳು. ಮಣ್ಣು ಹೊತ್ತವಳು ಅವಳು. ಅವಳು ಹೇಳಿದ ಹಾಗೆ ಆಗಲಿ.

ಆಮ್ರಪಾಲಿ

*

ವಿಜಯಪುರ
29 ಏಪ್ರಿಲ್ 2025

ಚಿರಂಜೀವಿ ಆಮ್ರಪಾಲಿಗೆ,

ಇದನ್ನು ಬರೆಯುತ್ತಿರುವವಳು ಪಕ್ಕದ ಮನೆಯ ರಹಿಮಾಬಿ. ನಿಮ್ಮ ಆಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕಂತೆ. ತಿದ್ದಿದರೆ ಮಾತು ಬಿಡುತ್ತಾಳಂತೆ.

ಅಂಬವ್ವಾ, ಹೆಂಗದಿ? ನಿಮ್ಮಪ್ಪ ಎಲ್ಲಾ ಓದಿ ಹೇಳ್ಯಾನ. ನಡನಡುವ ನಿಂತ ನಿಂತ ಓದ್ಯಾನ. ಅಂವಾ ನಿಂತಾಗ ನಾ ಶೇಂಗಾ ಸುಲಕೋತ ಕುಂತೆ.

ನಿಮ್ಮ ಮುತ್ಯಾ ಮಣ್ಣ ಹಾಕೂದು ಬಿಟ್ಟಿದ್ದು ಖರೆ. "ಈ ವರ್ಸ ಬ್ಯಾಡ" ಅಂದ. ಮುಂದಿನ ವರ್ಸನೂ ಬ್ಯಾಡ ಅಂದ. ಮಳಿ ಬಂದಾಗ ನಾವಿಬ್ಬರೂ ಬೇವಿನ ಗಿಡದ ಬುಡಕ ಕುಂತು ಆ ಮನಿ ಸೋರೂದು ನೋಡತಿದ್ವಿ. ಅಂವಗ ಸಮಾಧಾನ ಆಕ್ಕಿತ್ತು. ನಾವೂ ತೋಯಿಸ್ಕೋತಿದ್ವಿ. ನನಗನಸ್ತಿತ್ತು, ಸಿಟ್ಟು ಗೌಡನ ಮ್ಯಾಲ, ತೋಯಿಸ್ಕೊಳ್ಳೂದು ನಾವು, ಇದೆಂಥಾ ಶಾಣ್ಯಾತನ ಅಂತ. ಹೇಳಲಿಲ್ಲ. ಪಾಪ, ಅಂವಗ ಇದ್ದದ್ದು ಅದೊಂದ ಸಿಟ್ಟು. ಇರಲಿ ಅಂತ ಬಿಟ್ಟೆ.

ಅಂವಾ ಕೆಡವಿದ್ದು ಗೌಡನ ಮಾಳಗಿ. ಅದು ಬಿತ್ತು, ಮುಗೀತು. ಅದನ್ನ ಯಾರೂ ಏಳಸಾಕ ಆಗೂದಿಲ್ಲ, ನೀನೂ ಸೈತ. ಈಗ ಏಳಾಕತ್ತಿದ್ದು ನಂದು. ನಿಮ್ಮಪ್ಪಗ ಇದು ತಿಳಿಯವಲ್ದು. ತಿಳೀತೈತಿ, ತಡಾ ಆಗತೈತಿ, ಅಂವಾ ಸಣ್ಣಾಂವ ಇದ್ದಾಗಿಂದ ಹಂಗ.

ಸ್ಲ್ಯಾಬ್ ಗಿಲ್ಯಾಬ್ ಬ್ಯಾಡ. ಈ ಬ್ಯಾಸಗ್ಯಾಗ ಇದರ ಕೆಳಗ ನಾ ಹಂಚಿನ ಮ್ಯಾಲಿನ ರೊಟ್ಟಿ ಆಗೀನಿ. ನಿಮ್ಮಪ್ಪಗ ಕೇಳಿದ್ರ "ನಮ್ಮ ಸ್ಲ್ಯಾಬ್ ಗಟ್ಟಿ ಐತಿ ಬೇ" ಅಂತಾನ, ಅಂದು ಹಾಸಿಗಿ ತಗೊಂಡು ಹೊರಗ ಹೋಗಿ ಮಲಕೋತಾನ.

ಮಣ್ಣು ಯಾವುದು ಅಂದ್ರ, ನಮ್ಮ ಗುಡಸಲದ್ದು. ಕೇರ್ಯಾಗ ಅದು ಬಿದ್ದ ಜಾಗಾ ನನಗ ಗೊತ್ತು. ಅದರ ಗ್ವಾಡಿ ಮೆತ್ತಿದಾಕಿ ನಾ. ಅಲ್ಲಿ ಬೂದಿ ನನ್ನ ಒಲೀದು. ಊರ ಮಾಳಗಿಗೆಲ್ಲಾ ಮಂದಿ ಮಣ್ಣ ಹೊತ್ತೀನಿ, ನಂದೂ ಒಂದೀಟು ಹೊರತೀನಿ. ನಾ ಬರೂತನಕ ಗುದ್ದಲಿ ಹಚ್ಚಬ್ಯಾಡ. ರಹಿಮಾಬಿ ಕೂಡ ಬಸ್ಸಿಗೆ ಬರತೀನಿ. ಆಕಿಗೆ ತಿಕೋಟಾದಾಗ ಒಣ ದ್ರಾಕ್ಷಿ ಮಣೂಕ ತಗೋಳೂದೈತಿ.

ಹುಲಿಗೆವ್ವ, ಹೆಬ್ಬೆಟ್ಟು

(ಮಣೂಕದ ಮಾತು ನಾನು ಆಡಿಲ್ಲ. ದಾರಿಯಲ್ಲಿ ಅವಳನ್ನು ನೋಡಿಕೊಳ್ಳಲು ಬರುತ್ತಿದ್ದೇನೆ. ಸಿಕ್ಕರೆ ಬೇಡ ಎನ್ನುವುದಿಲ್ಲ. ರಹಿಮಾಬಿ.)

*

ಬಿಜ್ಜರಗಿ
25 ಮೇ 2025

ಅಪ್ಪನಿಗೆ, ಜೈ ಭೀಮ್.

ಮಾಳಿಗೆ ಆಯಿತು. ಮಳೆಯೂ ಬಂತು. ಈ ವರ್ಷ ಇಷ್ಟು ಬೇಗ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಆಯಿ ಫೋನಿನಲ್ಲಿ ನಿನಗೆ "ಎಲ್ಲಾ ಚಲೋ ಐತಿ" ಎಂದಷ್ಟೇ ಹೇಳಿದ್ದಾಳೆ. ನಡೆದದ್ದನ್ನು ನಾನು ಹೇಳುತ್ತೇನೆ.

ಕೇರಿಯಲ್ಲಿ ಆಯಿ ನಮ್ಮ ಜಾಗವನ್ನು ತಡವಿಲ್ಲದೆ ಗುರುತಿಸಿದಳು. ಮುಳ್ಳುಕಂಟಿ ಸರಿಸಿ ಒಲೆಯ ಕಲ್ಲು ತೋರಿಸಿದಳು. ಗುದ್ದಲಿ ಎತ್ತಲು ಆಗಲಿಲ್ಲ; ಕೈಯಿಂದ ಒಂದು ಹಿಡಿ ಕೆದರಿ ಬುಟ್ಟಿಗೆ ಹಾಕಿ "ಹೂಂ, ಇನ್ನ ನೀವು" ಎಂದಳು. ಮಣ್ಣು ಬೂದುಬಣ್ಣ, ಹಿಟ್ಟಿನಂಥದ್ದು. ಗುಡುಸಾಬ ಅಂಗೈಯಲ್ಲಿ ತಿಕ್ಕಿ ನೋಡಿ, "ಇಂಥಾ ಮಣ್ಣ ಇಲ್ಲೇ ಇಟ್ಕೊಂಡು ಕುಂತಿದ್ರಿ ನೀವು" ಎಂದು ನಮಗೇ ಬೈದ.

ಗುರುಪಾದಯ್ಯ ಅಜ್ಜ ಬಂದು ದೂರದಲ್ಲಿ ನಿಂತಿದ್ದರು. ಬಹಳ ಹೊತ್ತಾದ ಮೇಲೆ ಹತ್ತಿರ ಬಂದರು. "ಹುಲಿಗೆವ್ವಾ, ಬುಟ್ಟೀಲೆ ಎಷ್ಟಂತ ಹೊರತೀರಿ, ನನ್ನ ಟ್ರ್ಯಾಲಿ ಕಳಸತೇನಿ."

"ಕಳಸ್ರಿ. ಬಾಡಗಿ ಏನ್ರಿ?"

"ಬಾಡಗಿ ಬ್ಯಾಡವಾ."

"ಹಂಗಾರ ಟ್ರ್ಯಾಲಿನೂ ಬ್ಯಾಡ್ರಿ."

ಅಜ್ಜ ನೆಲ ನೋಡಿದರು. ಆಮೇಲೆ ಎಲ್ಲರಿಗೂ ಹೇಳುವ ಬಾಡಿಗೆಯನ್ನೇ ಹೇಳಿದರು. ಆಯಿ ಅದರಲ್ಲೂ ಚೌಕಾಸಿ ಮಾಡಿದಳು! ಟ್ರ್ಯಾಲಿ ಬಂತು. ಅಜ್ಜನ ಮೊಮ್ಮಕ್ಕಳೂ ಮಣ್ಣು ತುಂಬಿದರು. ಅವರಿಗೆ ನನ್ನ ಧನ್ಯವಾದ ಹೇಳಿ ಬಂದೆ. ಅಜ್ಜ, "ತಡಾ ಆತು ತಂಗಿ" ಎಂದರು. ಮಣ್ಣಿನ ಕೆಲಸದ ಬಗ್ಗೆ ಹೇಳಿದರೋ ಬೇರೆ ಏನೋ, ನಾನು ಕೇಳಲಿಲ್ಲ.

ತೊಲೆ, ಜಂತಿ, ಕಟ್ಟಿಗೆ, ಬೇವಿನ ಸೊಪ್ಪು ಎಲ್ಲ ಆಯಿತು. ಮಣ್ಣು ಮೇಲೇರುವ ಹೊತ್ತಿಗೆ ಆಯಿಯನ್ನು ಮೆಟ್ಟಿಲ ಮೇಲೆ ಹಿಡಿದುಕೊಂಡು ಹತ್ತಿಸುತ್ತೇನೆ ಎಂದೆ, ಮೊದಲ ಬುಟ್ಟಿ ನೀನೇ ಸುರಿ ಎಂದೆ. "ನಾ ಸಾಕಷ್ಟು ಹತ್ತೀನಿ, ನೀವು ಹತ್ರಿ" ಎಂದು ಕೈ ಬಿಡಿಸಿಕೊಂಡಳು. ಬಾಗಿಲಿಗೆ ಹೋದಳು. ಸೆರಗು ಹೊದ್ದು, ಚೌಕಟ್ಟು ಹಿಡಿದು, ಹೊಸ್ತಿಲು ದಾಟಿ ಒಳಗೆ ಹೋದಳು. ನಡುವಿನ ಅಂಕಣದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಳು. ಧೂಳು ಬೀಳುತ್ತದೆ, ಹೊರಗೆ ಬಾ ಎಂದರೂ ಏಳಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಮೇಲೆ ಗುಡುಸಾಬ ಮೊದಲ ಬುಟ್ಟಿ ಸುರಿದ. ಧಪ್ಪೆಂದಿತು. ಮೆತ್ತಗಿನ, ತುಂಬಿದ ಸಪ್ಪಳ. ಆಯಿ ತಲೆ ಎತ್ತಿದಳು. ಕೂದಲ ಮೇಲೆ ಬೂದಿ ಬಿದ್ದಿತ್ತು.

"ಇಲ್ಲಿ ಕೆಳಗ ಹಿಂಗ ಸಪ್ಪಳಾ ಆಕ್ಕಿತ್ತೇನ?" ಎಂದಳು.

ಇಷ್ಟೇ ಅಪ್ಪ. ಕೊನೆಯ ಬುಟ್ಟಿಯವರೆಗೂ ಅಲ್ಲೇ ಕೂತು ಕೇಳಿದಳು.

ಮೊನ್ನೆ ಸಂಜೆ ಪಡುವಣದಿಂದ ಮಳೆ ಹೊಡೆಯಿತು. ಬೆಳಕಿಂಡಿಗೆ ಫರಸಿ ಕಲ್ಲು ಮುಚ್ಚಿ ಮೂವರೂ ಒಳಗೆ ಕೂತೆವು: ಆಯಿ, ನಾನು, ಸತ್ಯವ್ವ. ಆಡುಗಳೂ ನುಗ್ಗಿ ಬಂದವು. ಒಂದು ಮೂಲೆಯಲ್ಲಿ ಮಾತ್ರ ತೊಟ್ಟಿಕ್ಕಿತು. ಆಯಿ ಅಲ್ಲಿ ಬಟ್ಟಲಿಟ್ಟು, "ಅಲ್ಲಿ ಸರಿಯಾಗಿ ತುಳದಿಲ್ಲ, ಆ ಸಾಬಗ ಹೇಳು" ಎಂದಳು. ಆ ಬೇವು ಹೊರಗೆ ತೋಯುತ್ತಿತ್ತು. ಆಯಿ ಬಾಗಿಲಿಂದ ಅದರ ಬುಡವನ್ನೇ ನೋಡುತ್ತಿದ್ದಳು.

ಬೆಳಕಿಂಡಿ ನೀನು ಹೇಳಿದ ಜಾಗದಲ್ಲೇ ಇದೆ. ಮೆಟ್ಟಿಲು ಹಾಗೇ ಇದೆ. ಇನ್ನು ನಾನು ಬಾ ಎಂದು ಕರೆಯುವುದಿಲ್ಲ. ಬಾಗಿಲು ಕೂರಿಸಿದ್ದೇವೆ, ಹಗಲೆಲ್ಲ ತೆರೆದೇ ಇರುತ್ತದೆ.

ನಿನ್ನ,
ಆಮ್ರಪಾಲಿ

*

ಹುಲಿಗೆವ್ವನ ಮನೆ,
ಹುಣಸಿಹಳ್ಳದ ದಂಡೆ,
ಬಿಜ್ಜರಗಿ, ತಿಕೋಟಾ ತಾಲೂಕು
6 ಜುಲೈ 2025

ಮಗಳು ಆಮ್ರಪಾಲಿಗೆ, ಜೈ ಭೀಮ್.

ನೀನು ಶಿಕ್ಷಕರ ತರಬೇತಿಗೆಂದು ವಿಜಯಪುರಕ್ಕೆ ಹೋಗಿ ನಮ್ಮ ಸ್ಲ್ಯಾಬಿನ ಕೆಳಗೆ ಇದ್ದೀ. ನಾನು ನಿನ್ನ ಮಣ್ಣಿನ ಕೆಳಗೆ ಇದ್ದೇನೆ. ಫ್ಯಾನು ಎರಡರ ಮೇಲೆ ಇಡು, ಮೂರರ ಮೇಲೆ ಇಟ್ಟರೆ ಸದ್ದು ಮಾಡುತ್ತದೆ.

ಎದುರಿಗಿದ್ದಾಗ ಹೇಳದ ಒಂದು ಮಾತಿದೆ. ನಾನು ಇಲ್ಲಿಗೆ ಬಂದ ದಿನ, ನೀನು ಶಾಲೆಯಿಂದ ಮರಳಿದಾಗ, ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. "ಯಾವಾಗ ಬಂದಿ ಅಪ್ಪಾ?" ಎಂದು ನೀನು ಕೇಳಿದೆ. "ಈಗರೆ" ಎಂದೆ ನಾನು. ಅದಕ್ಕೆ ಮೊದಲು ಏನಾಯಿತೆಂದು ನೀನೂ ಕೇಳಲಿಲ್ಲ.

ಬಸ್ಸಿಳಿದು ಒಡ್ಡಿನ ಮೇಲೆ ನಡೆದು ಬಂದೆ. ಹತ್ತಿರ ಬರುವವರೆಗೂ ಮನೆ ಕಾಣಲಿಲ್ಲ. ಹೊಲವೇ ಒಂದಿಷ್ಟು ಎದ್ದು ಕೂತ ಹಾಗೆ ಇತ್ತು. ಮಾಳಿಗೆಯ ಅಂಚಿನಲ್ಲಿ ಹುಲ್ಲು ಮೊಳೆತಿತ್ತು. ಬಾಗಿಲು ತೆರೆದಿತ್ತು. ಯಾರೂ ಕಾಣಲಿಲ್ಲ. ನಾನು ಬಾಗಿಲ ಕಡೆಗೇ ಹೊರಟವನು. ಆದರೆ ಕಾಲು ಮೆಟ್ಟಿಲಿಗೆ ಹೋಯಿತು. ಅರವತ್ತು ವರ್ಷದ ಮನುಷ್ಯ, ಕೈಯಲ್ಲಿ ಬ್ಯಾಗು, ನಿವೃತ್ತಿಯ ದಿನ ಕೊಟ್ಟ ಶಾಲು ಅದರಲ್ಲಿ. ಹತ್ತಿ ಬೆಳಕಿಂಡಿಯ ಹತ್ತಿರ ಮೊಣಕಾಲೂರಿ ಒಳಗೆ ನೋಡಿದೆ.

ಆಯಿ ಚಾಪೆಯ ಮೇಲೆ ಮಲಗಿದ್ದಳು. ನೆಲ ಸಾರಿಸಿತ್ತು. ಆ ಮಾಡದಲ್ಲಿ ನಿನ್ನ ಹೊತ್ತಿಗೆಗಳ ಗುಡ್ಡೆ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಬಿಸಿಲು ನೇರ ಅಲ್ಲಿಗೇ ಬಿದ್ದಿತ್ತು. ನನ್ನ ನೆರಳು ಹೋಗಿ ಆಯಿಯ ಮುಖದ ಮೇಲೆ ಬಿತ್ತು. ಎಚ್ಚರಾಯಿತು.

"ಯಾಂವಲೇ ಅಂವಾ ಮ್ಯಾಲ?"

"ನಾನ ಬೇ. ರಾಜಾ."

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಅಲ್ಲೇನ ಮಾಡಾಕತ್ತೀಲೇ? ನಿನಗ ಮಣ್ಣ ಹೊರಾಕ ಯಾರ ಹೇಳ್ಯಾರ? ಇಳದ ಬಾ, ಬಾಗಲಾ ತೆರದೈತಿ."

ಇಳಿದೆ. ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟೆ. ಸ್ವಲ್ಪ ಹೊತ್ತು ನಿಂತೆ. ಒಳಗೆ ಒಲೆ ಹಚ್ಚುವ ಸದ್ದು ಕೇಳಿತು, ಚಹಾಕ್ಕೆ. ಬಂದೆ. ತಲೆ ಎತ್ತಿ ನೋಡಿದೆ. ನಮ್ಮ ಗುಡಿಸಲಿನ ಮಣ್ಣು ಅಷ್ಟು ಎತ್ತರದಲ್ಲಿ ಇರುವುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಆಮೇಲೆ ನೀನು ಬಂದೆ.

ಧನ್ಯವಾದ ಎಂದು ನೀನು ಪ್ರತಿ ಪತ್ರದಲ್ಲೂ ಬರೆಯುತ್ತೀ. ನನಗೆ ಆ ರೂಢಿ ಇಲ್ಲ. ಮಾತು ಕೇಳದೆ ಹಟ ಹಿಡಿದದ್ದಕ್ಕೆ, ಮತ್ತು ಒಮ್ಮೆ ಆ ಹಟ ಬಿಟ್ಟು ಆಯಿಗೆ ಕೇಳು ಎಂದದ್ದಕ್ಕೆ, ಎರಡಕ್ಕೂ ಸೇರಿಸಿ ಇದೊಂದು ಸಲ ಬರೆದಿದ್ದೇನೆ ಎಂದು ತಿಳಿ.

ಮೆಟ್ಟಿಲು ಒಡೆಯುವುದು ಬೇಡ. ಮುಂದಿನ ಬೇಸಿಗೆಗೆ ಇನ್ನೊಂದು ಪದರ ಮಣ್ಣು ಬೇಕು, ಗುಡುಸಾಬ ಹೇಳಿದ್ದಾನೆ. ಹೊರುವವನು ನಾನು. ಕೇರಿಯ ಇನ್ನಿಬ್ಬರು ತಮ್ಮ ಬಿದ್ದ ಗೋಡೆಯ ಮಣ್ಣು ತೆಗೆದುಕೊಳ್ಳಿ ಎಂದಿದ್ದಾರೆ. ಗುರುಪಾದಯ್ಯನವರು ತಮ್ಮ ದನದ ಕೊಟ್ಟಿಗೆಗೂ ಒಂದು ಟ್ರ್ಯಾಲಿ ಕೇಳಿದರು. ಬಾಡಿಗೆಯ ಹಾಗೆ ಮಣ್ಣಿಗೂ ದರ ಹೇಳಬೇಕು ಎಂದು ಆಯಿ ಪಟ್ಟು ಹಿಡಿದಿದ್ದಾಳೆ. ಮಾತುಕತೆ ನಡೆದಿದೆ.

ತೊಟ್ಟಿಕ್ಕುವ ಮೂಲೆ ಇನ್ನೂ ತೊಟ್ಟಿಕ್ಕುತ್ತದೆ. ಆಯಿ ಬಟ್ಟಲು ತೆಗೆಯಲು ಬಿಡುವುದಿಲ್ಲ. ಬರುವಾಗ ರಹಿಮಾಬಿಯನ್ನೂ ಕರೆದುಕೊಂಡು ಬಾ, ಮಣೂಕ ತೆಗೆದಿಟ್ಟಿದ್ದೇವೆ.

ಉತ್ತರ ಬರೆ. ವಿಳಾಸ ಮೇಲೆ ಪೂರ್ತಿ ಕೊಟ್ಟಿದ್ದೇನೆ, ಅದನ್ನೇ ಬರೆಯಬೇಕು. ಲಕೋಟೆಯ ಮೇಲೆ "ಹಾಳು ಮನೆ" ಎಂದು ಬರೆದು ಕಳಿಸಿದರೆ ಅಂಥ ಮನೆ ಇಲ್ಲಿ ಇಲ್ಲ ಎಂದು ಷರಾ ಬರೆದು ವಾಪಸು ಕಳಿಸುತ್ತೇನೆ.

ನಿನ್ನ ಅಪ್ಪ,
ರಾಜಾರಾಮ